ಟೋಪಿ ಕಾಣುವವರೆಗೆ

ಮುಳುಗಿತು, ಇಲ್ಲ, ಅಗೋ ಕಾಣಿಸಿತು, ಹಳದಿ ರಬ್ಬರ್ ಟೋಪಿ, ಅದರಡಿ ನನ್ನ ಮೊಮ್ಮಗಳು ಕಮೈರಾ, ಬೆಳಿಗ್ಗೆ ಅವಳನ್ನು ಮೊಣಕಾಲುಗಳ ನಡುವೆ ಕೂರಿಸಿಕೊಂಡು ನಾನೇ ಹೆಣೆದ ಸಣ್ಣ ಸಣ್ಣ ಜಡೆ — ಈಜುಕೊಳದ ಔಷಧಿ ನೀರು ನಮ್ಮ ಕೂದಲನ್ನು ಒಣಹುಲ್ಲು ಮಾಡಿಬಿಡುತ್ತದೆಂದು ಬೈತಲೆ ಬೈತಲೆಗೂ ಎಣ್ಣೆ ಮೆತ್ತಿದೆ, ಸಾಕು ಬಿಡಜ್ಜಿ, ನಾನೇನು ಕೋಳೀನಾ ಹುರಿಯೋಕೆ, ಎಂಟು ವರ್ಷದ ಬಾಯಿ, ಅವಳಮ್ಮನದೇ ಬಾಯಿ, ಟೋಪಿ ಕೂರದೆ ಜಾರುತ್ತಿತ್ತು, ಕಿವಿಯವರೆಗೆ ಎಳೆದು ಕೂರಿಸಿದೆ. ಇಷ್ಟು ಹೊತ್ತು ಕಾಲಿಗೆ ನೆಲ ಸಿಗುವ ಕಡೆ ಇದ್ದಳು, ಈಗ ಆಳದ ಕಡೆಯಂತೆ, ಎತ್ತರದ ಹಲಗೆಯಿಂದ ಜಿಗಿಯಬೇಕಂತೆ, ನಾನು ಬೆಂಚಿನಂಚು ಹಿಡಿದು ಕೂತಿದ್ದೇನೆ, ಚರ್ಚಿಗೆ ಹೋಗುವ ಶೂ, ಚರ್ಚಿಗೆ ಒಯ್ಯುವ ಕೈಚೀಲ, ಈಜು ಕಲಿಸುವ ಡೆಲ್ಫಿನ್ ಬಗ್ಗಿ ಹೇಳಿ ಹೋದಳು, ಮಿಸ್ ಅರ್ನೆಸ್ಟೀನ್, ನೀವು ಮಾತ್ರ ಕೂಗ್ಬೇಡಿ, ದಡದಲ್ಲಿರೋರ ಭಯ ಮಗೂಗೆ ಕೇಳಿಸ್ತು ಅಂದ್ರೆ ಕೈಕಾಲು ಬಿಟ್ಟುಬಿಡುತ್ತೆ, ನಮ್ಮದೇ ಕಪ್ಪು ಬಣ್ಣದ ಹುಡುಗಿ, ನಮ್ಮವರಿಗೆ ಯಾವಾಗ ಬಂತೋ ಈ ಮೀನಿನ ವಿದ್ಯೆ, ಕೂಗುವುದಿಲ್ಲ ಕಣಮ್ಮ ಅಂದೆ, ಮಗಳು ವೆನೆಟ್ಟಾಗೂ ಮಾತು ಕೊಟ್ಟಿದ್ದೇನೆ, ಕೂಗುವುದಿಲ್ಲ, ಕೂಗುವುದಿಲ್ಲ.

ನೀರಿನ ಹತ್ತಿರ ಹೋದ್ರೆ ಕಾಲು ಮುರೀತೀನಿ — ನನ್ನಮ್ಮ ನನಗೆ ಅಂದದ್ದು, ನಾನು ವೆನೆಟ್ಟಾಗೆ ಅಂದದ್ದು, ನಾನು ಮಕ್ಕಳನ್ನು ಬೆಳೆಸಿದ್ದೇ ಹಾಗೆ, ಮುದ್ದೆಲ್ಲ ಅವು ನಿದ್ದೆಹೋದ ಮೇಲೆ, ಎದ್ದಿರುವಾಗ ಭಯ, ಭಯ ಕಲಿತ ಮಗು ಸಂಜೆ ಊಟಕ್ಕೆ ಮನೆಗೆ ಬರುತ್ತದೆ, ಅಂಗಡಿಯಲ್ಲಿ ಕೈ ಜೇಬಿಗೆ ಹಾಕಬೇಡ, ಬೀದಿಯಲ್ಲಿ ಓಡಬೇಡ, ಪೊಲೀಸರಿಗೆ ಎದುರಾಡಬೇಡ, ನೀರಿಗಿಳಿಯಬೇಡ, ಹೆತ್ತ ಮಕ್ಕಳನ್ನೆಲ್ಲ ಉಳಿಸಿಕೊಂಡೆನಲ್ಲ ಕರ್ತನೇ, ಅದು ಸಾಲದೆ, ಸಾಲದಂತೆ ವೆನೆಟ್ಟಾಗೆ, ಉಳಿಸ್ಕೊಂಡೆ ಕಣಮ್ಮಾ, ಇಲ್ಲ ಅನ್ನಲ್ಲ, ಆದ್ರೆ ಇಷ್ಟು ವಯಸ್ಸಾದ್ರೂ ಬಚ್ಚಲ ತೊಟ್ಟೀಲಿ ನೀರು ಎದೆ ಮುಟ್ಟಿದ್ರೆ ನಂಗೆ ಉಸಿರು ಕಟ್ಟುತ್ತೆ, ಇದನ್ನೂ ಕಮೈರಾಗೆ ಬಳುವಳಿ ಕೊಡ್ಲಾ ಹೇಳು — ನಾನು ಬೆಂಡೆಕಾಯಿ ಹೆಚ್ಚುತ್ತಿದ್ದೆ, ಹೆಚ್ಚುತ್ತಲೇ ಇದ್ದೆ. ವೆನೆಟ್ಟಾಗೆ ಲೆಮ್ಯುಯೆಲ್ ಬರೀ ಹೆಸರು, ಗೋಡೆಯ ಮೇಲೂ ಪಟವಿಲ್ಲದ ಸೋದರಮಾವ, ನನಗೆ ಲೆಮ್, ನನ್ನಣ್ಣ, ಅಲಬಾಮಾದ ಆ ಜುಲೈ, ಊರ ಈಜುಕೊಳದ ಬೇಲಿಯಾಚೆ ಬಿಳಿಯರ ಮಕ್ಕಳ ಕೇಕೆ, ನಮಗೆ ನದಿ, ಕೆಸರು ಬಣ್ಣದ ನದಿ, ನೀನು ದಡದಲ್ಲೇ ಕೂತಿರು ಪುಟ್ಟೀ, ನನ್ನ ಟೋಪಿ ನೋಡ್ತಿರು, ಟೋಪಿ ಕಾಣೋವರೆಗೂ ನಾನಿದೀನಿ ಅಂತ ತಿಳ್ಕೋ, ಅಪ್ಪನ ಹುಲ್ಲುಟೋಪಿ, ನೋಡುತ್ತಿದ್ದೆ, ಟೋಪಿ ತೇಲುತ್ತಿತ್ತು, ಅಣ್ಣ ಇದ್ದಾನೆ ಅಂದುಕೊಂಡು ನಗುತ್ತಲೇ ಇದ್ದೆ, ಅದು ಮೆಲ್ಲಗೆ ತಿರುಗುತ್ತ ನನ್ನ ಕಾಲಬಳಿಗೇ ಬಂತು, ಖಾಲಿ. ಆಮೇಲೆ ಕಾನೂನು ಬಂತು, ಬೇಲಿ ತೆಗೆದು ನಮ್ಮನ್ನೂ ಬಿಡಿ ಅಂತ, ಊರವರು ಲಾರಿಯಲ್ಲಿ ಮಣ್ಣು ತಂದು ಕೊಳವನ್ನೇ ಹೂತರು, ನಮ್ಮ ಮಕ್ಕಳ ಮೈ ಸೋಕಿದ ನೀರಿಗಿಂತ ನೀರೇ ಇಲ್ಲದ್ದು ಮೇಲು, ಈಗ ಅಲ್ಲಿ ಹುಲ್ಲು.

ಹಲಗೆ ಹತ್ತಿದಳು, ಎಷ್ಟು ಸಣ್ಣಗಿದ್ದಾಳೆ ಅಲ್ಲಿ, ಹಳದಿ ಚುಕ್ಕೆ, ಅಮ್ಮ ಒಲೆಯ ಮುಂದೆ ಕೂರಿಸಿ ಹೇಳಿಸಿ ಹೇಳಿಸಿ ಬಾಯಿಗೆ ಬರಿಸಿದ ಸ್ತುತಿಪದವನ್ನು ತುಟಿಯೊಳಗೇ ಹೇಳುತ್ತೇನೆ, ನೀರಿನ ಮಾತು ಬರುವ ಸಾಲಿಗೆ ನಾಲಿಗೆ ನಿಲ್ಲುತ್ತದೆ, ಮತ್ತೆ ಮೊದಲಿಂದ, ಮತ್ತೆ ಅಲ್ಲೇ ನಿಲ್ಲುತ್ತದೆ — ಅಜ್ಜೀ, ನನ್ನನ್ನೇ ನೋಡ್ತಿರು! ಹಾಗನ್ನಬೇಡ ಮಗೂ, ಬೇರೇನಾದರೂ ಅನ್ನು, ಅದನ್ನು ಮಾತ್ರ ಅನ್ನಬೇಡ, ಜಿಗಿದಳು, ನೀರು ಒಡೆಯಿತು, ಮುಚ್ಚಿಕೊಂಡಿತು, ಹಳದಿ ಎಲ್ಲಿ, ಎಲ್ಲಿ, ಅಗೋ ಬಂತು, ಮೇಲೆ ಬಂತು, ಟೋಪಿ — ಬರೀ ಟೋಪಿ, ನನ್ನ ಎಣ್ಣೆ, ನನ್ನ ಕೈಯೆಣ್ಣೆಯೇ ಜಾರಿಸಿತು, ಎದ್ದಿದ್ದೇನೆ, ಕೈಚೀಲ ಬಿತ್ತು, ಲೆಮ್, ಲೆಮ್ ಎಂದು ಯಾರೋ ಕಿರುಚುತ್ತಿದ್ದಾರೆ, ನನ್ನದೇ ಗಂಟಲು, ಕೊಳದ ಮೆಟ್ಟಿಲು, ಶೂ ತುಂಬ ನೀರು, ಮೊಣಕಾಲು ಮುಟ್ಟಿತು ನೀರು, ಬದುಕಿನಲ್ಲಿ ಇಷ್ಟು ನೀರಿಗೆ ಇಳಿದವಳಲ್ಲ — ಅಜ್ಜೀ, ಈ ಕಡೆ, ಇಲ್ಲಿದೀನಲ್ಲಾ, ಯಾರನ್ನ ಕರೀತಿದೀಯ, ಅಯ್ಯೋ ಶೂ ಹಾಕ್ಕೊಂಡೇ ಇಳಿದುಬಿಟ್ಟೆಯಾ! ಆಚೆ ಅಂಚಿನಿಂದ ದನಿ, ಕೆಮ್ಮು, ಕೆಮ್ಮಿನ ನಡುವೆ ನಗು, ಇದ್ದಾಳೆ, ಇದ್ದಾಳಂತೆ, ತಿರುಗಿ ನೋಡಬೇಕು, ಕತ್ತು ತಿರುಗುತ್ತಿಲ್ಲ, ಕಣ್ಣು ಟೋಪಿಯನ್ನು ಬಿಡುತ್ತಿಲ್ಲ, ಮೆಲ್ಲಗೆ ತಿರುಗುತ್ತ ನನ್ನ ಕಾಲಬಳಿಗೇ ಬರುತ್ತಿದೆ, ಹಳದಿ, ಒಳಗೆ ಒಂದು ಹಿಡಿ ನೀರು, ತಿರುಗುತ್ತ, ಖಾಲಿ ಟೋಪಿ, ಟೋಪಿ —