ಕೆಂಪು ತುದಿ

ಅರಗು ಸುಟ್ಟ ವಾಸನೆ, ಲೇತ್‌ನಿಂದಲ್ಲ, ಲೇತ್ ಇನ್ನೂ ತಿರುಗಿಯೇ ಇಲ್ಲ, ಬಚ್ಚಲ ಒಲೆಯಿಂದ — ಬಣ್ಣ ಹಾಕಿದ ಮರವನ್ನು ಯಾರು ಉರಿಗಿಟ್ಟರು, ಮೂಲೆಯಲ್ಲಿ ಚಕ್ಕೆ ರಾಶಿ ಬಿದ್ದಿರುವಾಗ, ರಾಧಾಮಣಿ ಸೊಂಟ ಹಿಡಿದುಕೊಂಡು ಎದ್ದಳು, ಈ ನೋವಿಗೆ ಮೂರು ತಿಂಗಳಾಯಿತು, ಪರೀಕ್ಷೆಗೆ ರಕ್ತ ಕೊಟ್ಟು ಬಂದದ್ದೂ ಆಯಿತು, ರಿಪೋರ್ಟು ತಂದ ಗಂಡ ಪ್ರಕಾಶ ಏನೂ ಇಲ್ಲ ಕಣಮ್ಮಿ, ರಕ್ತ ಒಸಿ ಕಮ್ಮಿ ಐತಂತೆ, ಅಷ್ಟೇಯ ಅಂದ, ಅಂದವನು ರಿಪೋರ್ಟು ಮಾತ್ರ ತೋರಿಸಲಿಲ್ಲ, ಜೇಬಿನಲ್ಲಿಟ್ಟುಕೊಂಡೇ ನಿನ್ನೆ ರಾಮನಗರಕ್ಕೆ ಹೋಗಿ ಬಂದ, ಕೆಹಕಶಾನ್ ಮೇಡಂಗೆ ಮಾದರಿ ಯಾವತ್ತು ಬೇಕು ಅಂತ ಕೇಳೋಕಂತೆ, ಫೋನಿಗೆ ಏನಾಗಿತ್ತು, ಬರುವಾಗ ದಾಳಿಂಬೆ ಬೇರೆ — ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಈ ಮನುಷ್ಯ ಒಂದು ಬಾಳೆಹಣ್ಣು ತಂದವನಲ್ಲ.

ಮೇಡಂ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವವರು, ರಕ್ತದಲ್ಲಿದ್ದು ರೋಗ ಹಿಡಿಯುವ ಪ್ರತಿಕಾಯ, ಅದರ ಮರದ ಮಾದರಿ ಐವತ್ತು ಬೇಕು ಅಂತ ಬಂದು ಇದೇ ಜಗಲಿಯಲ್ಲಿ ಚೀಟಿ ಮೇಲೆ ಬರೆದು ತೋರಿಸಿದ್ದರು, ಕವೆಗೋಲಿನ ಹಾಗೆ, ಎರಡು ಉದ್ದನೆಯವು ಸೇರಿ ಬುಡ ಆಗಿ ಮೇಲೆ ಕವಲೊಡೆಯುತ್ತೆ, ಅವು ಭಾರದ ಸರಪಳಿ, ಪಕ್ಕಕ್ಕೆ ಅಂಟಿದ ಎರಡು ಗಿಡ್ಡವು ಹಗುರದ್ದು, ಬುಡ ಎಲ್ಲದಕ್ಕೂ ಒಂದೇ ಇರಲಿ, ತುದಿ ಮಾತ್ರ ಒಂದೊಂದಕ್ಕೂ ಬೇರೆ ಬಣ್ಣ, ಒಂದೊಂದು ತುದಿ ಒಂದೊಂದು ರೋಗವನ್ನ ಹಿಡಿಯೋದು. ಇವಳದೋ ಚನ್ನಪಟ್ಟಣದ ಗೊಂಬೆ ಮಾಡುವ ಕೈ, ಸೆಟ್ಟು ಅಂದರೆ ಎಲ್ಲವೂ ಒಂದೇ ಥರ, ಐವತ್ತಕ್ಕೂ ಕೆಂಪು ಅರಗು ಒತ್ತಿಬಿಟ್ಟಳು. ಮೇಡಂ ನಕ್ಕಿದ್ದೇ ನಕ್ಕಿದ್ದು, ಅಯ್ಯೋ ರಾಧಾಮಣಿ, ಎಲ್ಲಾ ಒಂದೇ ತುದಿ ಆದ್ರೆ ಅದು ಕ್ಯಾನ್ಸರ್ ಕಣ್ರೀ, ಮೂಳೆ ಒಳಗಿನ ಒಂದು ಜೀವಕೋಶಕ್ಕೆ ಹುಚ್ಚು ಹಿಡಿದು ತನ್ನ ಒಂದೇ ಥರದ್ದನ್ನೇ ಮಾಡಿ ಮಾಡಿ ತುಂಬುತ್ತೆ, ಮೂಳೆ ಸವೆಯುತ್ತೆ, ಇವಳೂ ನಕ್ಕಿದ್ದಳು, ಕೆಂಪನ್ನೆಲ್ಲ ಬುಟ್ಟಿಗೆ ಸುರಿದು ಮತ್ತೆ ಮಾಡಲು ಕೂತಿದ್ದಳು, ಸೊಂಟ ಆಗಲೂ ನೋಯುತ್ತಿತ್ತು.

ಈಗ ಆ ಬುಟ್ಟಿ ಖಾಲಿ. ಅದ್ಯಾಕ್ರೀ ಸುಡ್ತಿದ್ದೀರಾ, ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂತ ಪ್ರಕಾಶ ತಿರುಗಲಿಲ್ಲ, ನೀರು ಕಾಯ್ಬೇಕಲ್ಲಮ್ಮಿ, ಸುಮ್ನೆ ಬಿದ್ದಿದ್ವು, ಚಕ್ಕೆ ಇತ್ತಲ್ಲ ಅಂದಳು, ಹೊಗೆ ಕಣ್ಗೆ ಬಂತು ನೋಡು ಅಂತ ಮುಖ ಒರೆಸಿಕೊಂಡ. ಹೊಗೆಯಂತೆ. ತಿಂಗಳಿಂದ ಕಾಲಿಗೆ ತೊಡರುತ್ತಿದ್ದ ಬುಟ್ಟಿ ರಾಮನಗರಕ್ಕೆ ಹೋಗಿ ಬಂದ ಮಾರನೇ ಬೆಳಗ್ಗೆಯೇ ಇವನ ಕಣ್ಣಿಗೆ ಯಾಕೆ ಬಿತ್ತು, ಮೇಡಂ ರಿಪೋರ್ಟು ನೋಡಿ ಇವನಿಗೂ ಚೀಟಿ ಮೇಲೆ ಬರೆದು ತೋರಿಸಿದರಾ, ಈ ಸಲ ನಗದೆ — ಕೇಳಬೇಕು, ಕೇಳಲು ಭಯ, ಭಯಕ್ಕಿಂತ ಹೆಚ್ಚು ಆ ಬಗ್ಗಿದ ಬೆನ್ನು ನೋಡಿ ಅಳು, ಉರಿಯಲ್ಲಿ ಮೊದಲು ಬುಡ ಕಪ್ಪಾಗುತ್ತೆ, ಅರಗು ಕರಗಿ ತುದಿ ಹೊಳೆಯುತ್ತೆ, ಕೆಂಪು, ಪಕ್ಕದ್ದೂ ಕೆಂಪು, ಅದರ ಪಕ್ಕದ್ದೂ —