ಕರ್ತೃವಿಲ್ಲದ ವಾಕ್ಯ

ಮತ್ತೆ ಆ ವಾಸನೆ — ಬೆಣ್ಣೆ ಬೆಂದ, ಸಕ್ಕರೆ ಕೆಂಪಾದ ವಾಸನೆ ಮೆಟ್ಟಿಲು ಹತ್ತಿ ಬಂದು ಕಿಟಕಿಯ ಸಂದಿಯಿಂದ ನುಸುಳುತ್ತಿದೆ, ಅಂದರೆ ಕೆಳಗೆ ಒಲೆ ಹೊತ್ತಿಸಿಯಾಯಿತು, ಹಿಟ್ಟು ಕಲಸುವ ಯಂತ್ರ ತಿರುಗಿಸಿಯಾಯಿತು, ಒಬ್ಬಳ ಬೆರಳುಗಳು ಹೋಗಿ ಇನ್ನೂ ವಾರ ಕಳೆದಿಲ್ಲ, ಬಿಸ್ಕತ್ತು ಮಾತ್ರ ಎಂದಿನ ಹಾಗೆ ಗರಿಗರಿ, ಅವಳು ಎದ್ದು ಕಿಟಕಿ ಮುಚ್ಚಿದಳು, ಮುಚ್ಚಿದ್ದನ್ನು ಯಾರಾದರೂ ನೋಡಿದರೇನೋ ಎಂದು ಹಿಂದಿರುಗಿ ನೋಡಿದಳು, ಯಾರೂ ಇಲ್ಲ, ಇರುವುದು ಕಂಪ್ಯೂಟರು, ಅದರ ಪರದೆಯ ಮೇಲೆ ಬೆಳಗಿನಿಂದ ಒಂದೇ ಸಾಲು, ಯಂತ್ರದ ಜಾಲರಿಯನ್ನು ತೆರೆಯಲಾಗಿತ್ತು — ತೆರೆಯಲಾಗಿತ್ತು, ಯಾರಿಂದ, ಮನೆಯಲ್ಲಿ ಹಾಲು ಉಕ್ಕಿಸಿದವರು ಯಾರಾದರೂ ಹಾಲನ್ನು ಉಕ್ಕಿಸಲಾಯಿತು ಅನ್ನುತ್ತಾರೆಯೇ, ಅಯ್ಯೋ ನಾನು ಉಕ್ಕಿಸಿಬಿಟ್ಟೆ ಅನ್ನುತ್ತಾರೆ, ಇಲ್ಲವೇ ನೀನು ನೋಡ್ಕೋಬಾರದಿತ್ತಾ ಎಂದು ಇನ್ನೊಬ್ಬರ ಮೇಲೆ ಹಾಕುತ್ತಾರೆ, ಅಂತೂ ಯಾರೋ ಒಬ್ಬರು ಇರುತ್ತಾರೆ, ಕಾಗದಕ್ಕೆ ಬಂದ ಕೂಡಲೇ ಎಲ್ಲರೂ ಮಾಯ, ಕೆಲಸಗಳು ತಮ್ಮಷ್ಟಕ್ಕೆ ತಾವೇ ಆಗುತ್ತವೆ, ಜಾಲರಿ ತೆರೆಯಲಾಗುತ್ತದೆ, ಕೈ ಹಾಕಲಾಗುತ್ತದೆ, ಬೆರಳು ಕಳೆದುಕೊಳ್ಳಲಾಗುತ್ತದೆ.

ನೀವೇ ಬರೀರಿ ಮೇಡಂ, ಮೊನ್ನೆ ತಾನೇ ತರಬೇತಿ ಮುಗಿಸ್ಕೊಂಡು ಬಂದಿದ್ದೀರಿ, ನಿಮ್ಮ ಬರವಣಿಗೆ ಬೇರೆ ಮುತ್ತು ಪೋಣಿಸಿದ ಹಾಗಿರತ್ತೆ — ಹಾಗೆಂದವನು ಮ್ಯಾನೇಜರ್, ಕಾರ್ಖಾನೆಯವರ ಬಾಯಲ್ಲಿ ಆಯ್ತಾಯ್ತು, ಯಾರು ಏನು ಕೇಳಿಕೊಂಡರೂ ಆಯ್ತಾಯ್ತು ಎಂದು ತಲೆಯಾಡಿಸಿ ಏನೊಂದೂ ಮಾಡದಿರುವುದಕ್ಕೆ ಬಂದ ಹೆಸರು, ಟೈಪು ಮಾಡುವುದರಲ್ಲಿ ಎಲ್ಲಿಯ ಮುತ್ತು, ಇಷ್ಟು ವರ್ಷ ಗುಣಮಟ್ಟ ವಿಭಾಗದ ಮೂಲೆಯಲ್ಲಿ ಕೂತವಳ ಬರವಣಿಗೆಯನ್ನು ಇವನು ಕಣ್ಣೆತ್ತಿ ನೋಡಿದ್ದು ಯಾವಾಗ, ಅಪಘಾತದ ವರದಿ ಬರೆಯಬೇಕಾದ ಸುರಕ್ಷತಾ ಅಧಿಕಾರಿಗೆ ಸರಿಯಾಗಿ ಈಗಲೇ ರಜೆ ಹೇಗೆ ಬೇಕಾಯಿತು, ಮತ್ತೆ ಆ ಇನ್ನೊಂದು ಮಾತು, ಬಾಗಿಲವರೆಗೆ ಹೋಗಿ ತಿರುಗಿ ನಿಂತು ಹೇಳಿದ್ದು — ಮಾಹಿತಿ ವರದಿ ಸಾಕು ಮೇಡಂ, ಏನಾಯ್ತು ಅಷ್ಟೇ, ವಿಶ್ಲೇಷಣೆ ಗಿಶ್ಲೇಷಣೆ ಬೇಡ — ಆಗ ಅವಳಿಗೆ ತರಬೇತಿಯ ಮೇಷ್ಟ್ರು ಕಣ್ಣೆದುರು ಬಂದರು, ಸೀಮೆಸುಣ್ಣದ ಪುಡಿ ಮೆತ್ತಿದ ತೋಳು, ಹಲಗೆಯ ಮೇಲೆ ಗೀಟೆಳೆದು, ವರದಿ ಅಂದ್ರೆ ಎಲ್ಲ ಒಂದೇ ಅಂದ್ಕೋಬೇಡಿ, ಮಾಹಿತಿ ವರದಿ ಕಂಡದ್ದು ಹೇಳಿ ಕೈ ತೊಳ್ಕೊಳ್ಳತ್ತೆ, ವಿಶ್ಲೇಷಣಾ ವರದಿ ಏಕೆ ಅಂತ ಕೇಳತ್ತೆ, ಶಿಫಾರಸು ವರದಿ ಮುಂದೇನು ಮಾಡ್ಬೇಕು ಅಂತ ಹೇಳತ್ತೆ, ನಿಮ್ಮ ಹತ್ರ ಯಾವುದನ್ನ ಬರೆಸ್ತಾರೆ ಅನ್ನೋದರಲ್ಲೇ ಬರೆಸೋರ ಮನಸ್ಸು ಗೊತ್ತಾಗತ್ತೆ — ಎಲ್ಲರೂ ನಕ್ಕಿದ್ದರು, ಅವಳೂ ನಕ್ಕು ಟಿಪ್ಪಣಿ ಮಾಡಿಕೊಂಡಿದ್ದಳು, ಶೀರ್ಷಿಕೆಯ ಪುಟ, ಸಾರಾಂಶ, ಪೀಠಿಕೆ, ಮಾಹಿತಿ ಕಲೆಹಾಕಿದ ವಿಧಾನ, ಕಂಡುಬಂದ ಅಂಶಗಳು, ತೀರ್ಮಾನ, ಶಿಫಾರಸು, ಕೊನೆಗೆ ಬಾಲದ ಹಾಗೆ ಅನುಬಂಧ, ಸಾರಾಂಶ ಇಡೋದು ಮೊದಲು, ಬರೆಯೋದು ಕಟ್ಟಕಡೆಗೆ, ಮರೀಬೇಡಿ — ಇಲ್ಲಿ ನೋಡಿದರೆ ಸಾರಾಂಶ ಮೊದಲೇ ತಯಾರಾಗಿ ಬಂದಿದೆ, ಆಯ್ತಾಯ್ತು ತಾನೇ ಟೈಪು ಮಾಡಿ ಕಳಿಸಿದ್ದಾನೆ, ಕೆಲಸಗಾರ್ತಿಯ ಅಜಾಗರೂಕತೆಯಿಂದ ಸಂಭವಿಸಿದ ಅಪಘಾತ, ವಿಚಾರಣೆ ಇನ್ನೂ ಹುಟ್ಟೇ ಇಲ್ಲ, ನಾಮಕರಣ ಮುಗಿದಿದೆ.

ಕೆಲಸಗಾರ್ತಿ, ಅಂದರೆ ಪಟಪಟಿ, ಯಂತ್ರದ ಗದ್ದಲದ ಮೇಲೂ ಅವಳ ಮಾತು ಮಹಡಿಯವರೆಗೆ ಕೇಳುತ್ತಿತ್ತು, ಹಿಟ್ಟಿನ ಜೊತೆ ಮಾತು, ನಲ್ಲಿಯ ಜೊತೆ ಮಾತು, ಮೇಲಿನವರ ನಡಿಗೆಯ ಅಣಕ, ಅವತ್ತು ಇಲ್ಲೇ ಇದೇ ಕುರ್ಚಿಯಲ್ಲಿ ಕೂತಿದ್ದವಳಿಗೆ ಮೊದಲು ಕೇಳಿಸಿದ್ದು ಚೀರಾಟವಲ್ಲ, ಚೀರಾಟ ಆಮೇಲೆ, ಮೊದಲು ಕೇಳಿಸಿದ್ದು ಮಾತು ನಿಂತದ್ದು, ಇಳಿದು ಓಡಿದಾಗ ಯಾರೋ ಬಟ್ಟೆ ಸುತ್ತುತ್ತಿದ್ದರು, ಯಾರೋ ನೀರು ನೀರು ಎನ್ನುತ್ತಿದ್ದರು, ಅವಳು ಅತ್ತ ನೋಡಲಾರದೆ ಯಂತ್ರದ ಕಡೆ ನೋಡಿದಳು, ಜಾಲರಿ ಎತ್ತಿದರೆ ಯಂತ್ರ ತಾನೇ ನಿಲ್ಲಬೇಕು, ಅದಕ್ಕೆಂದೇ ಅಂಚಿನಲ್ಲಿ ಒಂದು ಪುಟ್ಟ ಸ್ವಿಚ್ಚು, ಆ ಸ್ವಿಚ್ಚನ್ನು ಒತ್ತಿ ಹಿಡಿದು ಯಾರೋ ತಂತಿ ಬಿಗಿದಿದ್ದರು, ಜಾಲರಿ ಮುಚ್ಚಿಯೇ ಇದೆ ಎಂದು ಯಂತ್ರವನ್ನು ನಂಬಿಸುವುದಕ್ಕೆ, ನಿಲ್ಲಿಸುತ್ತ ಕೂತರೆ ಹೊತ್ತು ಹೋಗುತ್ತದಲ್ಲ ಅದಕ್ಕೆ, ತಂತಿಯ ಎರಡೂ ತುದಿ ಒಳಕ್ಕೆ ಮಡಚಿ ಬಸವನಹುಳುವಿನ ಹಾಗೆ ಸುರುಳಿ, ಕೈಗೆ ಚುಚ್ಚಬಾರದೆಂದು — ಮಾರನೆಯ ದಿನ ಫೋಟೋ ತೆಗೆಯುವವನು ಬಂದಾಗ ತಂತಿ ಇಲ್ಲ, ಸ್ವಿಚ್ಚು ಬತ್ತಲೆ, ಅವಳು ಬಾಯಿ ಬಿಡಲಿಲ್ಲ, ಏಕೆಂದರೆ ಆ ಸುರುಳಿಯನ್ನು ಅವಳು ದಿನಾ ನೋಡುತ್ತಾಳೆ, ಬಟ್ಟೆ ಒಣಹಾಕುವ ತಂತಿಯ ಎರಡು ಕೊನೆಯಲ್ಲಿ, ಬಕೆಟ್ಟಿನ ಮುರಿದ ಹಿಡಿಯಲ್ಲಿ, ಬಾಲ್ಕನಿಯ ಹೂಕುಂಡಕ್ಕೆ ಬಿಗಿದ ಕಟ್ಟಿನಲ್ಲಿ, ಮದುವೆಯಾದ ಹೊಸದರಲ್ಲಿ ಅವಳ ಬೆರಳಿಗೆ ಒಮ್ಮೆ ತಂತಿ ಚುಚ್ಚಿ ರಕ್ತ ಬಂದಾಗ ಗಂಡ ಕಲಿತ ಅಭ್ಯಾಸ ಅದು, ಇನ್ಮೇಲೆ ಚುಚ್ಚಲ್ಲ ನೋಡು ಎಂದು ತುದಿ ಮಡಚಿ ತೋರಿಸಿದ್ದ, ಗಂಡ ಇದೇ ಕಾರ್ಖಾನೆಯ ಫಿಟ್ಟರ್, ಕೆಳಗೆ ಹಿತ್ತಲ ಶೆಡ್ಡಿನಲ್ಲಿ.

ಹಾಗಾದರೆ ಅವನೇ, ಇರಲಾರದು, ಇನ್ನೊಬ್ಬ ಫಿಟ್ಟರ್ ಇವನನ್ನು ನೋಡಿ ಕಲಿತಿರಬಹುದು, ಕಲಿಯಬಾರದೆಂದಿದೆಯೇ, ಆದರೆ ಈ ನಾಲ್ಕಾರು ದಿನದಿಂದ ಗಂಡನಿಗೆ ಏನಾಗಿದೆ, ಬೆಳಿಗ್ಗೆ ಎದ್ದು ತಾನೇ ನೀರು ತುಂಬಿಸುತ್ತಾನೆ, ಊಟದ ಡಬ್ಬಿ ತೊಳೆದು ಬೋರಲು ಹಾಕುತ್ತಾನೆ, ಅತ್ತೆ ಕೂಡ ಹುಬ್ಬೇರಿಸಿದರು, ಏನೋ ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ, ಅವನು ನಗಲಿಲ್ಲ, ಪಟಪಟಿಯ ಸುದ್ದಿ ಬಂದರೆ ಪಾತ್ರೆಯ ಸದ್ದು ಜೋರಾಗುತ್ತದೆ, ಅವಳು ಹೆಂಡತಿಯಾಗಿ ನೋಡುವುದನ್ನು ಬಿಟ್ಟು ಯಾವಾಗಿನಿಂದಲೋ ಪತ್ತೇದಾರಳಾಗಿ ನೋಡುತ್ತಿದ್ದಾಳೆ, ಅವನು ಉಣ್ಣುವುದು, ಅವನು ಬಾಗಿಲ ಚಿಲಕ ಹಾಕುವುದು, ಎಲ್ಲವೂ ಕಂಡುಬಂದ ಅಂಶಗಳು, ತೀರ್ಮಾನ ಮಾತ್ರ ಬರೆಯಲು ಕೈ ಬರುತ್ತಿಲ್ಲ — ಮತ್ತೆ ಆಯ್ತಾಯ್ತು ಇದನ್ನೆಲ್ಲ ಬಲ್ಲನೇ, ಬಲ್ಲನೆಂದೇ ಅವಳನ್ನು ಹುಡುಕಿ ಬಂದನೇ, ಫಿಟ್ಟರನ ಹೆಂಡತಿ ಫಿಟ್ಟರನ ಹೆಸರು ಬರೆಯುವಳೇ, ಬರೆಯುವುದಿಲ್ಲ, ಹಾಗೆ ಫಿಟ್ಟರನ ಹೆಸರು ಬಾರದಿದ್ದರೆ ಫಿಟ್ಟರನಿಗೆ ಹೇಳಿದವನ ಹೆಸರು ಬರುವುದೆಲ್ಲಿಂದ, ಎಷ್ಟು ಚೆನ್ನಾಗಿ ಹೆಣೆದಿದ್ದಾನೆ, ಆಯ್ತಾಯ್ತು ಎನ್ನುವವನು ಏನೂ ಮಾಡುವುದಿಲ್ಲ ಎಂದವರು ಯಾರು.

ಊಟದ ಗಂಟೆ ಹೊಡೆಯಿತು, ಅವಳು ಡಬ್ಬಿ ಬಿಚ್ಚಲಿಲ್ಲ, ಮೆಟ್ಟಿಲಿಳಿದು ಶೆಡ್ಡಿಗೆ ಹೋದಳು, ಎಣ್ಣೆಯ ವಾಸನೆ, ಕಬ್ಬಿಣದ ಪುಡಿ, ಅವನೊಬ್ಬನೇ ಏನನ್ನೋ ಅರದಿಂದ ಉಜ್ಜುತ್ತ ನಿಂತಿದ್ದಾನೆ, ಬಂದವಳನ್ನು ನೋಡಿ ಅರ ಕೆಳಗಿಟ್ಟ, ಊಟ ಆಯ್ತಾ ಎಂದ, ಅವಳು ಕೇಳಿಯೇಬಿಟ್ಟಳು, ರೀ, ಆ ಸ್ವಿಚ್ಚಿಗೆ ತಂತಿ ಸುತ್ತಿದ್ದು ನೀವಾ, ಯಾವ ತಂತಿ ಅನ್ನುತ್ತಾನೆ ಎಂದುಕೊಂಡಿದ್ದಳು, ಅಂದರೆ ಜಗಳವಾಡಬಹುದಿತ್ತು, ಅವನು ಅನ್ನಲಿಲ್ಲ, ಕೈಯೊರೆಸುವ ಚಿಂದಿಯಲ್ಲಿ ಒಂದೊಂದೇ ಬೆರಳು ಒರೆಸಿಕೊಳ್ಳತೊಡಗಿದ, ಆ ಬೆರಳುಗಳನ್ನು ಅವಳಿಗೆ ನೋಡಲಾಗಲಿಲ್ಲ — ಅವರು ಹೇಳಿದ್ರು, ಆರ್ಡರ್ ಮುಗಿಯೋವರೆಗೆ ಅಂದ್ರು, ಬೇಡ ಸಾರ್ ಅಂದೆ, ಆಯ್ತಾಯ್ತು ಮಾಡಿ ಅಂದ್ರು, ಮಾಡ್ದೆ, ಬಿಚ್ಚಿದ್ದೂ ನಾನೇ, ಅದನ್ನೂ ಅವರೇ ಹೇಳಿದ್ದು — ಅವಳಿಗೆ ಒಂದು ಬಗೆಯಲ್ಲಿ ಹಗುರವೂ ಆಯಿತು, ಹೇಳಿಸಿದವನಿದ್ದಾನೆ, ಇವನೊಬ್ಬನೇ ಅಲ್ಲ, ಅಷ್ಟರಲ್ಲಿ ಅವನು ತಲೆಯೆತ್ತದೆ ಹೇಳಿದ, ನೀನೇ ಬರೀತೀಯ ಅಂತ ಆದ್ಮೇಲೆ ಸ್ವಲ್ಪ ಉಸಿರು ಬಂತು ಕಣೇ, ನಾನೇ ಅವರಿಗೆ ಹೇಳಿದ್ದು, ನನ್ನ ಹೆಂಡ್ತಿಗೆ ಕೊಡಿ ಸಾರ್, ಅವಳು ಬರೀತಾಳೆ ಅಂತ.

ಹಾಗಾದರೆ ಹೆಣೆದವನು ಆಯ್ತಾಯ್ತು ಅಲ್ಲ, ಅಥವಾ ಇಬ್ಬರೂ ಕೂಡಿ ಹೆಣೆದದ್ದು, ಅವಳ ಹೆಸರು ಈ ಕೈಯಿಂದ ಆ ಕೈಗೆ ಸಾಮಾನಿನ ಹಾಗೆ ಹೋಗಿದೆ, ವರದಿಯ ಕೆಲಸವನ್ನು ಅವಳಿಗೆ ವಹಿಸಲಾಯಿತು, ನೋಡು, ಎಷ್ಟು ಸಲೀಸಾಗಿ ಬರುತ್ತದೆ, ನನ್ನನ್ನ ಕೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ ಎಂದಳು, ಕೇಳಿದ್ರೆ ನೀನು ಏನಂತಿದ್ದೆ ಎಂದ ಅವನು, ಅವಳು ಯಾರಿಗೂ ಹೇಳದೆ ಗೇಟು ದಾಟಿದಳು, ಕಾವಲಿನವನು ಎಲ್ಲಿಗೆ ಮೇಡಂ ಎಂದ, ಇವನಿಗೇಕೆ ಬೇಕು, ಹೋಗಿ ಆಯ್ತಾಯ್ತುವಿನ ಕಿವಿಯಲ್ಲಿ ಊದುತ್ತಾನೇನೋ, ಮಾಹಿತಿ ಕಲೆಹಾಕೋದಕ್ಕೆ ಎಂದಳು, ಸುಳ್ಳೂ ಅಲ್ಲ, ವಿಧಾನ ಎಂಬ ಶೀರ್ಷಿಕೆಯ ಕೆಳಗೆ ಇನ್ನೂ ಒಂದಕ್ಷರವಿಲ್ಲ, ಪೆಟ್ಟಾದವಳನ್ನೇ ಯಾರೂ ಕೇಳಿಲ್ಲ, ಆಸ್ಪತ್ರೆಯ ಕಾಗದ ಸಾಕು ಮೇಡಂ ಎಂದಿದ್ದ ಆಯ್ತಾಯ್ತು, ಸಾಕಂತೆ, ಅಂಗಡಿಸಾಲು ದಾಟಿ, ಹೊಲಿಗೆಯವನ ಗೂಡಂಗಡಿಯ ಪಕ್ಕದ ಇಕ್ಕಟ್ಟಿನ ಓಣಿ, ಕೊನೆಯ ಮನೆ, ಬಾಗಿಲು ತೆರೆದೇ ಇತ್ತು.

ಬನ್ನಿ ಆಂಟಿ ಎಂದದ್ದು ಪಟಪಟಿಯ ಮಗಳು, ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ಬಂದು ಟ್ಯೂಷನ್ನಿಗೆ ಹೊರಟವಳು, ನೆಲದ ಮೇಲೆ ಅಮ್ಮನಿಗೆ ಬೆನ್ನು ಮಾಡಿ ಕೂತಿದ್ದಾಳೆ, ಹಿಂದೆ ಸ್ಟೂಲಿನ ಮೇಲೆ ಪಟಪಟಿ, ಬಲಗೈ ಬಿಳಿ ಗಂಟು, ತೊಡೆಯ ಮೇಲೆ ಯಾರದೋ ವಸ್ತುವಿನ ಹಾಗೆ ಬಿದ್ದಿದೆ, ಎಡಗೈಯ ಬೆರಳುಗಳ ನಡುವೆ ಮಗಳ ಜಡೆಯ ಎರಡು ಕಾಲು, ಮೂರನೆಯದು ಹಲ್ಲಿನಲ್ಲಿ, ಹಲ್ಲಿನಿಂದ ಎಳೆದು, ಎಡಗೈಯಿಂದ ದಾಟಿಸಿ, ಮತ್ತೆ ಇನ್ನೊಂದನ್ನು ಬಾಯಿಗೆ, ಬಂದವಳಿಗೆ ಕಣ್ಣಿನಲ್ಲೇ ಕೂತ್ಕೊಳ್ಳಿ ಎಂದಳು, ಮಾತಾಡಲಿಲ್ಲ, ಮಾತಾಡಿದರೆ ಜಡೆ ಬಿಚ್ಚಿಹೋಗುತ್ತದೆ, ಮಗಳೇ ಅಮ್ಮನ ಬದಲು ಮಾತಾಡಿದಳು, ಮ್ಯಾನೇಜರ್ ಅಂಕಲ್ ಬಂದಿದ್ರು ಆಂಟಿ, ತಪ್ಪು ನಂದೇ ಅಂತ ಅಮ್ಮ ಹೇಳಿದ್ರೆ ಬೇರೆ ಕೆಲಸ ಕೊಡ್ತಾರಂತೆ, ಅಮ್ಮ ಹೂಂ ಅಂದಿದ್ದಾಳೆ, ನೀವು ಅದನ್ನ ಬರ್ಕೊಳ್ಳೋಕೆ ಬಂದ್ರಾ — ಹೂಂ ಅಂದಿದ್ದಾಳೆ, ಹಾಗಾದರೆ ಎಲ್ಲವೂ ಸಲೀಸು, ಪಟಪಟಿಯೇ ಒಪ್ಪಿದ್ದಾಳೆ, ಎದ್ದು ಹೋಗಬಹುದು, ಗಂಡನ ಕೆಲಸ ಉಳಿಯುತ್ತದೆ, ಡಬ್ಬಿ ತೊಳೆದು ಬೋರಲು ಬೀಳುತ್ತಿರುತ್ತದೆ, ಅಥವಾ ಇವಳಿಗೆ ತಂತಿಯ ವಿಷಯ ಗೊತ್ತೇ, ಗೊತ್ತಿದ್ದೂ ಕಾಯುತ್ತಿದ್ದಾಳೆಯೇ, ಈ ಫಿಟ್ಟರನ ಹೆಂಡತಿ ಏನು ಹೇಳುತ್ತಾಳೆ ನೋಡೋಣ ಎಂದು, ಆ ಕಣ್ಣುಗಳು ಜಡೆಯ ಮೇಲಿವೆಯೋ ತನ್ನ ಮೇಲಿವೆಯೋ ತಿಳಿಯಲಿಲ್ಲ, ಎಂದೂ ಮುಚ್ಚದ ಬಾಯಿ ಮುಚ್ಚಿದೆ, ಆ ಬಾಯಿ ಈಗ ಕೈ.

ತಪ್ಪು ನಿಂದಲ್ಲ ಎಂದಳು ಅವಳು, ದನಿ ಬೇರೆ ಯಾರದೋ ಇದ್ದ ಹಾಗೆ ಕೇಳಿಸಿತು, ಜಾಲರಿ ಎತ್ತಿದಾಗ ಯಂತ್ರ ನಿಲ್ಬೇಕಿತ್ತು, ನಿಲ್ಲದ ಹಾಗೆ ತಂತಿ ಸುತ್ತಿದ್ದು ನನ್ನ ಗಂಡ, ಸುತ್ತಿಸಿದ್ದು ಮ್ಯಾನೇಜರ್, ನಾನು ಹಾಗೇ ಬರೀತೀನಿ, ಅವರಿಬ್ಬರ ಹೆಸರು ಹಾಕಿ, ಕೆಳಗೆ ನನ್ನ ಹೆಸರು ಹಾಕಿ — ಹೇಳಿ ಮುಗಿಸಿದ ಮೇಲೆ ಇನ್ನು ಪಟಪಟಿ ಏನಾದರೂ ಅನ್ನಬೇಕು, ಬೈಯಬೇಕು, ಅಳಬೇಕು, ನಿಮ್ಮ ಯಜಮಾನ್ರಾ ಎಂದಾದರೂ ಕೇಳಬೇಕು, ಮಗಳ ತಲೆ ಹಿಂದಕ್ಕೆ ತಿರುಗಿತು, ಪಟಪಟಿ ಎಡಮೊಣಕೈಯಿಂದ ಆ ತಲೆಯನ್ನು ಮೆಲ್ಲಗೆ ಮುಂದಕ್ಕೆ ತಿರುಗಿಸಿದಳು, ನಾನು ಹಿಡ್ಕೊಳ್ಲಾ ಎಂದು ಇವಳು ಕೈ ಚಾಚಿದಳು, ಪಟಪಟಿ ತಲೆ ಅಡ್ಡ ಆಡಿಸಿದಳು, ಕೂದಲೂ ಜೊತೆಗೆ ಆಡಿತು, ಚಾಚಿದ ಕೈ ಅಲ್ಲೇ ಉಳಿಯಿತು, ಯೋಚನೆ ಮುಂದಕ್ಕೆ ಹೋಗಲಿಲ್ಲ, ಗಂಡ, ಅತ್ತೆ, ನಾಳೆ, ಯಾವುದೂ ಬರಲಿಲ್ಲ, ಎದುರಿಗೆ ಇದ್ದದ್ದು ಬಿಗಿಹಿಡಿದ ಹಲ್ಲು, ಹಲ್ಲಿನ ನಡುವೆ ಕಪ್ಪು ಕೂದಲು, ಹಲ್ಲು, ಕೂದಲು.