ಕಲಸುವವನ ಜಾಗ

"ತಡಿ, ಬಕೆಟ್ಟಿಗೆ ಇನ್ನೊಂದು ಮುಚ್ಚಳ ಆಸಿಡ್ ಹಾಕ್ತೀನಿ," ಎಂದ ಮೇಸ್ತ್ರಿ. ದೋಣಿಯ ಹೊಟ್ಟೆಯ ಸುತ್ತ, ನೀರು ನಿಲ್ಲುವ ಗೆರೆಯುದ್ದಕ್ಕೂ ಹಿಡಿದಿದ್ದ ಕಂದು ಕಲೆ ಬೆಳಗಿನಿಂದ ಜಗ್ಗಿರಲಿಲ್ಲ. ದಡಕ್ಕೆಳೆದು ದಿಮ್ಮಿಗಳ ಮೇಲೆ ಕೂರಿಸಿದ್ದ ಆ ಬಿಳಿ ದೋಣಿಯ ಕೆಳಗೆ ಅವನ ಸೊಸೆ ಬ್ರಶ್ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದಳು.

"ಜಾಸ್ತಿ ಆದೀತು ಮಾವ. ಬಣ್ಣ ಎದ್ಬಿಟ್ರೆ?"

"ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದ ಹಾಗಾಯ್ತು," ಎಂದು ನಕ್ಕ.

ಬಕೆಟ್ಟಿನಲ್ಲಿ ತೊಳೆಯುವ ಮದ್ದು ಕಲಸುವವನು ಗಾಳಿ ಬರುವ ಕಡೆ ನಿಲ್ಲಬೇಕು, ಉಜ್ಜುವವರು ಕೆಳಗೆ ಕೂರಬೇಕು. ಮೂವತ್ತು ವರ್ಷಗಳಿಂದ ಕಲಸುವ ಜಾಗ ಅವನದೇ. ಕಂದು ಕಲೆಗೆ ಆಸಿಡ್, ಹಸಿರು ಪಾಚಿಗೆ ಬ್ಲೀಚು. ಒಂದನ್ನು ಪೂರ್ತಿ ತೊಳೆದ ಮೇಲೇ ಇನ್ನೊಂದು. ಎರಡೂ ಒಂದೇ ಬಕೆಟ್ಟಿನಲ್ಲಿ ಸೇರಿದರೆ ಏಳುವುದು ವಿಷದ ಗಾಳಿ. ಎರಡನ್ನೂ ಅವನು ದೊಡ್ಡ ಕ್ಯಾನಿನಿಂದ ಒಂದೇ ಥರದ ಖಾಲಿ ನೀರಿನ ಬಾಟಲಿಗಳಿಗೆ ಬಗ್ಗಿಸಿಕೊಳ್ಳುತ್ತಿದ್ದ. ಚೀಟಿ ಅಂಟಿಸಿ ಎಂದವರಿಗೆ, "ದೇವರು ಮೂಗು ಕೊಟ್ಟಿರೋದು ಕನ್ನಡಕ ಇಟ್ಕೊಳ್ಳೋಕಾ?" ಎನ್ನುತ್ತಿದ್ದ.

ಆ ಮೂಗು ಸತ್ತು ನಾಲ್ಕು ತಿಂಗಳಾಗಿತ್ತು. ಒಂದು ಜ್ವರ ಬಂದು ಹೋಯಿತು, ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಮೊನ್ನೆ ಅವನ ಪಕ್ಕದಲ್ಲೇ ಹಾಲು ಸೀದು ಪಾತ್ರೆ ಕರಿಯಾದರೂ ಪೇಪರ್ ಓದುತ್ತ ಕೂತಿದ್ದ. ಹೆಂಡತಿ ಬಯ್ದಾಗ ನೆಗಡಿ ಎಂದ. ನಿಜ ಹೇಳಿದರೆ ಬಕೆಟ್ಟು ಕೈ ತಪ್ಪುತ್ತದೆ ಎಂಬ ಭಯ. ಅದಕ್ಕೇ ಒಂದು ಉಪಾಯ ಮಾಡಿಕೊಂಡಿದ್ದ: ಎಡಗಡೆಯದು ಆಸಿಡ್, ಬಲಗಡೆಯದು ಬ್ಲೀಚು.

ಬಿಸಿಲು ಬಿತ್ತೆಂದು ಸೊಸೆ ಬಾಟಲಿಗಳನ್ನು ನೆರಳಿಗೆ ಸರಿಸಿದ್ದು, ಆಗ ಎಡಬಲ ಅದಲುಬದಲಾಗಿದ್ದು ಅವನಿಗೆ ಗೊತ್ತಿರಲಿಲ್ಲ.

ಎಡಗಡೆಯದನ್ನು ಒಂದು ಮುಚ್ಚಳ ಸುರಿದ. ಬಕೆಟ್ಟು ಬುಸುಗುಟ್ಟಿತು. ಸೊಸೆ ಒಮ್ಮೆಲೇ ಕೆಮ್ಮತೊಡಗಿದಳು. ಇವಳಿಗೇನಾಯಿತೆಂದು ಅವನು ಬಕೆಟ್ಟಿಗೇ ಬಗ್ಗಿ ನೋಡಿದ. ಅವಳು ಬ್ರಶ್ ಬಿಸಾಕಿ ಓಡಿ ಬಂದವಳೇ ಅವನ ಕಾಲರ್ ಹಿಡಿದು ಗಾಳಿಗೆದುರಾಗಿ ದರದರ ಎಳೆದೊಯ್ದಳು. ಅವನ ಕಣ್ಣು, ಗಂಟಲು ಉರಿಯತೊಡಗಿದ್ದು ಆಗಲೇ.

ದೂರದ ನಲ್ಲಿಯಲ್ಲಿ ಇಬ್ಬರೂ ಮುಖ ತೊಳೆದುಕೊಂಡರು.

"ವಾಸನೆ ಬರ್ಲಿಲ್ವಾ ನಿಮ್ಗೆ?"

"ನೆಗಡಿ ಕಣಮ್ಮ."

"ಎಷ್ಟು ದಿನದಿಂದ?"

ಇನ್ನೊಂದು ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಅವಳ ಕಣ್ಣು ಕೆಂಡದಂತೆ ಕೆಂಪಾಗಿ ನೀರು ಸುರಿಸುತ್ತಿತ್ತು.

"ನಾಲ್ಕು ತಿಂಗಳು."

"ನಿನ್ನೆ ಕ್ಯಾಬಿನ್ ಬಾಗ್ಲು ಹಾಕ್ಕೊಂಡು ಒಳಗೆ ತೊಳೆದ್ವಲ್ಲ ಮಾವ," ಎಂದಳು. "ಇಬ್ರೂ ಒಳಗೇ ಇದ್ವಿ."

ಅವನು ಮತ್ತೆ ನಲ್ಲಿ ತಿರುಗಿಸಿ, ಅವಳ ಕಣ್ಣಿಗೆ ಬೊಗಸೆಯಲ್ಲಿ ನೀರು ಹಿಡಿದ.

ಅರ್ಧ ಗಂಟೆ ಯಾರೂ ಅತ್ತ ಸುಳಿಯದಂತೆ ಕಾದರು. ಗಾಳಿ ಎಲ್ಲವನ್ನೂ ಹೊತ್ತುಕೊಂಡು ಹೋದ ಮೇಲೆ ಸೊಸೆ ದೂರದಿಂದಲೇ ಪೈಪು ಹಿಡಿದು ಬಕೆಟ್ಟಿಗೆ ನೀರು ಬಿಟ್ಟಳು, ತುಂಬಿ ಹರಿದು ತಿಳಿಯಾಗುವವರೆಗೂ. ಆಮೇಲೆ ಪೆನ್ನು ತಂದು ಎರಡು ಬಾಟಲಿಗಳ ಮೇಲೂ ದಪ್ಪಕ್ಷರದಲ್ಲಿ ಹೆಸರು ಬರೆದಳು. ಮೇಸ್ತ್ರಿ ನೋಡುತ್ತ ನಿಂತ.

ಮೊಣಕೈವರೆಗೆ ಬರುವ ಕಲಸುವ ಗ್ಲೌಸುಗಳನ್ನು ಅವನು ಮೆಲ್ಲಗೆ ಕಳಚಿ, ತೊಳೆದು, ಒರೆಸಿ ಅವಳ ಕೈಗಿಟ್ಟ. ಬಿದ್ದಿದ್ದ ಬ್ರಶ್ಶನ್ನೂ ಅವಳ ಗಿಡ್ಡ ಗ್ಲೌಸುಗಳನ್ನೂ ಎತ್ತಿಕೊಂಡು ದೋಣಿಯ ಕೆಳಗೆ ಹೋಗಿ ಕೂತ. ಮಂಡಿಗಳು ಲಟಲಟ ಎಂದವು.

"ಮೊದ್ಲು ನೀರು, ಆಮೇಲೆ..." ಎನ್ನಹೋಗಿ ಬಾಯಿ ಮುಚ್ಚಿಕೊಂಡ. ಅವಳು ಆಗಲೇ ಬೇರೆ ಬಕೆಟ್ಟಿಗೆ ನೀರು ತುಂಬಿ, ಅದಕ್ಕೆ ಆಸಿಡನ್ನು ಸಣ್ಣಗೆ ಬಿಡುತ್ತಿದ್ದಳು.

ಬಣ್ಣ ಏಳುತ್ತದೋ ಎಂದು ಮೊದಲು ಹಚ್ಚಿ ನೋಡಲು ಅವನು ಬ್ರಶ್ ಅದ್ದಿಕೊಂಡು, ಯಾರ ಕಣ್ಣಿಗೂ ಬೀಳದ ಚುಕ್ಕಾಣಿಯ ಹಿಂದೆ, ಅಂಗೈಯಗಲ ಜಾಗದ ಹತ್ತಿರ ಹಿಡಿದ.

"ಹಚ್ಲಾ?" ಎಂದು ಕೇಳಿದ.

ಗಾಳಿಯ ಕಡೆ ನಿಂತಿದ್ದ ಸೊಸೆ ಒಮ್ಮೆ ಉಸಿರೆಳೆದು ವಾಸನೆ ನೋಡಿದಳು.

"ಹೂಂ, ಹಚ್ಚಿ ಮಾವ."